ಒಂದು ಸೇರು ಜೋಳ ಬೀಸುವ ಹೊತ್ತು

ಮೂರು ವರ್ಷದ ಹಿಂದೆ ದೇವಕಮ್ಮನ ಬಲಗೈ ಮೇಲೆ ಕುದಿಯುವ ಅಂಬಲಿ ಚೆಲ್ಲಿತು. ಗಂಡ ತಾಯಪ್ಪ ನೀರಿಗಾಗಿ ಊರ ಬಾವಿಗೆ ಓಡಿದ. ಕೇರಿಯವನು ಬಾವಿ ಮುಟ್ಟಿದನೆಂದು ಗೌಡ ಅವನ ಕೊಡ ಒಡೆಸಿದ. ದೇವಕಮ್ಮನ ಮೂರು ಬೆರಳು ಒಂದಕ್ಕೊಂದು ಅಂಟಿಕೊಂಡವು.

ಆಮೇಲೆ ಕೇರಿಯವರು ಶಿರವಾಳದ ದಾರಿಯ ಪಕ್ಕ ತಾವೇ ಬಾವಿ ತೋಡಿದರು. ಹದಿನೆಂಟು ಮೊಳಕ್ಕೆ ನೀರು ಬಂತು. ನೀರು ಬಂದದ್ದೇ ತಪ್ಪಾಯಿತು. ತನ್ನ ಬಾವಿಯ ಸೆಲೆ ಕದ್ದಿದ್ದಾರೆಂದು ಗೌಡ ಅದನ್ನು ಮುಚ್ಚಲು ಹುಕುಂ ಮಾಡಿದ. ಮುಚ್ಚುವವನು ಯಾರು? ತೋಡಿದ ತಾಯಪ್ಪನೇ, ಅದೂ ಬಿಟ್ಟಿ. ನಿಜಾಮನ ರಾಜ್ಯದಲ್ಲಿ ಮಳೆಗೆ ಬರವಿತ್ತು, ಬಿಟ್ಟಿಗೆ ಇರಲಿಲ್ಲ.

ಮುಚ್ಚುವ ದಿನ ಗೌಡ ತಾನೇ ಬಂದ. ಜೊತೆಗೆ ಗುಮಾಸ್ತ ಚಾಂದಪಾಶಾ, ಬಾವಿ ಮುಚ್ಚಿತೆಂದು ಬರೆಯಲು ಕಾಗದ, ಶಾಯಿ ದೌತಿ. ಜೋಳ ಹಾಲುಗಾಳಾಗಿತ್ತು. ಬಾವಿ ಮುಚ್ಚುವುದನ್ನು ನೋಡುತ್ತ ಸೀತನಿ ತಿನ್ನಬೇಕೆಂಬ ಆಸೆ ಗೌಡನಿಗೆ. ಕುಣಿ ತೋಡಿಸಿ, ಕುಳ್ಳು ಉರಿಸಿ, ಕೆಂಡದಲ್ಲಿ ತೆನೆ ಸುಡಿಸಿದ.

"ಆ ಚಪ್ಪಡಿ ಮೊದಲ ಹಾಕ್ರಲೇ! ಅದಲ್ಲ, ಅದು!" ಎನ್ನುತ್ತ ಹಿಂದೆ ಹಿಂದೆ ಸರಿದ ಗೌಡ, ಧೋತರ ಸಮೇತ ಕುಣಿಯಲ್ಲಿ ಕುಂತುಬಿಟ್ಟ.

"ಸತ್ತೆನಲೇ!"

ಚಾಂದಪಾಶಾ ಎಳೆದು ತೆಗೆದ. "ತುಪ್ಪ ತರ್ರಿ! ಇಲ್ಲಾಂದ್ರ ಶಾಯಿ ಹಚ್ಚೋಣ ಸಾಬ್, ಕೈಯಾಗ ಅದ!"

ತಾಯಪ್ಪ ತನ್ನ ಜೊತೆ ಕಲ್ಲು ಹೊರಲು ಬಂದಿದ್ದ ಹೆಂಡತಿಯ ಕೈ ನೋಡಿದ. ಅವಳೂ ಅದನ್ನೇ ನೋಡಿಕೊಂಡಳು.

"ನೀರು ಸೇದು," ಅಂದಳು.

"ತುಪ್ಪ?" ಎಂದ ಚಾಂದಪಾಶಾ.

"ತುಪ್ಪ ಹಚ್ಚಿದ್ರ ಬಿಸಿ ಒಳಗ ಉಳೀತದ. ಗೌಡ್ರನ್ನ ಕರದು ತಿಂತೀರೇನು? ಶಾಯಿ ಹಚ್ಚಿದ್ರ ಗಾಯ ಮಾಯಂಗಿಲ್ಲ, ಬರೇ ಕಾಣಂಗಿಲ್ಲ."

ಇದನ್ನು ಅವಳಿಗೆ ಹೇಳಿದ್ದು ಶಹಾಪುರದ ದವಾಖಾನೆಯ ಆಯಾ ಖಾಜಾಬೀ. ಹದಿನೈದು ದಿನ ತಡವಾಗಿ.

ಗೌಡನ ಬಾವಿ ಎರಡು ಹೊಲದಾಚೆ. ಗೌಡ ಆ ಕಡೆ ನೋಡಿದ. ತನ್ನ ಹಿಂಭಾಗವನ್ನೂ ನೋಡಲು ಯತ್ನಿಸಿದ. ಎರಡೂ ದೂರವಾದವು. "ಹಾಕು," ಎಂದ.

ಬಾವಿ ಮುಚ್ಚಲು ತಂದಿದ್ದ ಚಪ್ಪಡಿಯ ಮೇಲೆಯೇ ಅವನನ್ನು ಬೋರಲು ಮಲಗಿಸಿದರು. ತಾಯಪ್ಪ ಸೇದಿದ, ದೇವಕಮ್ಮ ಸಣ್ಣಗೆ ಸುರಿದಳು.

"ಧೋತರ ಸರಿಸಿ ನೋಡ್ರಿ, ಚಾಂದಪಾಶಾ. ಅಂಟಿದ್ರ ಎಳೀಬ್ಯಾಡ್ರಿ. ಹ್ಯಾಂಗದ?"

ಚಾಂದಪಾಶಾ ಸರಕಾರಿ ಕಾಗದ ಓದುವವನಂತೆ ಬಗ್ಗಿದ. "ಅಂಟಿಲ್ಲ. ಎಡಕ ಕೆಂಪು. ಬಲಕ ಎರಡು ಗುಳ್ಳಿ."

"ಕೆಂಪಿದ್ದದ್ದು ತಾನ ಆರ್ತದ. ಗುಳ್ಳಿ ಒಡೀಬ್ಯಾಡ್ರಿ, ಆಮ್ಯಾಲ ಮಡಿ ಅರಿವಿ ಮುಚ್ಚರಿ. ಬೆಳ್ಳಗ, ಒಣ ತೊಗಲಿನಂಗ ಆಗ್ಯಾದೇನು?"

"ಇಲ್ಲ."

"ಆಗಿದ್ರ ಶಹಾಪುರಕ್ಕ ಬಂಡಿ ಹೂಡಬೇಕಿತ್ತು. ಅದು ದೊಡ್ಡ ಗಾಯ."

"ನಂದ ದೊಡ್ಡದು!" ಗೌಡ ಒದರಿದ. ದೊಡ್ಡದೆಲ್ಲ ತನ್ನದೇ ಆಗಿರಬೇಕು ಅವನಿಗೆ. "ಜೀವ ಹೋಗಾಕತ್ತದ!"

"ಒದರಾಕತ್ತೀರಲ್ರಿ, ಅಂದ್ರ ತೊಗಲು ಬದುಕ್ಯಾದ. ನನ್ನ ನಡುಬೆರಳು ಸುಮ್ಮನಿತ್ತು. ಸುಮ್ಮನಿದ್ದದ್ದೇ ಸತ್ತಿತ್ತು."

ಗೌಡ ಚಪ್ಪಡಿಯ ಅಂಚು ಹಿಡಿದುಕೊಂಡ. "ಇನ್ನ ಎಷ್ಟೊತ್ತು?" ಎಂದ.

"ಸೇರು ಜೋಳ ಬೀಸೋ ಹೊತ್ತು."

"ಈಗ ಎಷ್ಟಾತು?"

"ಇನ್ನಾ ಪಾವು ಆಗಿಲ್ರಿ."

ಗೌಡನಿಗೆ ಜನ್ಮದಲ್ಲಿ ಜೋಳ ಬೀಸುವುದು ಇಷ್ಟು ನಿಧಾನವೆಂದು ಗೊತ್ತಿರಲಿಲ್ಲ. ಕೊಡದ ಮೇಲೆ ಕೊಡ ಬಂತು. ಸೀತನಿ ಕುಣಿಯಲ್ಲೇ ಕರಕಾಯಿತು. ಸೇರು ಮುಗಿಯುವ ಹೊತ್ತಿಗೆ ಉರಿ ಇಳಿದಿತ್ತು. ಚಾಂದಪಾಶಾನ ಒಗೆದ ರುಮಾಲು ಗಾಯದ ಮೇಲೆ ಬಂತು.

ಗೌಡ ಮೆಲ್ಲಗೆ ಎದ್ದ. ನಿಂತ. ನಿಂತಕೂಡಲೇ ಮತ್ತೆ ಗೌಡನಾದ.

"ತಾಯಪ್ಪಾ, ಇನ್ನ ಕಲ್ಲು ಹಾಕು."

"ಸಾಬ್, ಮತ್ತ ಉರಿ ಎದ್ರ?" ಚಾಂದಪಾಶಾ ಕಿವಿಯಲ್ಲಿ ಅಂದ.

"ಹಾಕಂತ ಹೇಳೇನಿ!"

ಚಪ್ಪಡಿ ಇನ್ನೂ ಒದ್ದೆಯಿತ್ತು. ತಾಯಪ್ಪ ಹಗ್ಗದ ತುದಿಗೆ ಕೊಡ ಬಿಗಿದು ಬಾವಿಗೆ ಇಳಿಬಿಟ್ಟ.

"ಹಾಕಂಗಿಲ್ರಿ, ಗೌಡ್ರ."