ಗಿಣ್ಣದ ತಂಬಿಗೆ

"ಕಾಕಾ, ಗಾಡಿ ಯಾಕ ನಿಂತಿತು?"

"ಇಂಜಿನ್ ಗರಂ ಆಗ್ಯಾದವ್ವ. ಅದರ ಮ್ಯಾಲ ಚಾ ಕಾಸಬೌದು, ಅಷ್ಟು ಗರಂ."

"ಗರಂ ಆಗಿಲ್ಲ ಏನಿಲ್ಲ. ಚಾವಿ ತಿರುವಿ ಬಂದ್ ಮಾಡಿದ್ದು ನೀವೇ. ನಾ ನೋಡೀನಿ."

ಹಿಂದಿನ ಸೀಟಿನಿಂದ ಪೂನಮ್ ಹಾಗೆ ಹೇಳಿದರೂ ಸಾಯಬಣ್ಣ ಸ್ಟೇರಿಂಗ್ ಹಿಡಿದುಕೊಂಡು ಕೂತೇ ಇದ್ದ. ಎದುರಿಗೆ ಚಿಮ್ಮನಚೋಡದ ಓಣಿ. ಓಣಿಯ ತುದಿಗೆ ಬೇವಿನ ಗಿಡ, ಗಿಡದ ಕೆಳಗೆ ಅವನ ಅಕ್ಕ ಮಹಾದೇವಮ್ಮನ ಮನೆ. ಹೆಚ್ಚೆಂದರೆ ನೂರು ಹೆಜ್ಜೆ. ಕುಂಚಾವರಂ ಕಾಡಿನ ಇಳಿಜಾರಿನಲ್ಲಿ ಬ್ರೇಕು ಹೋದ ಜೀಪನ್ನು ಬರೀ ಹಾರ್ನಿನ ಬಲದ ಮೇಲೆ ಇಳಿಸಿದ ಗಂಡಸು ಅವನು. ಆ ಹಾರ್ನಿಗೆ ಗಡಿಯಾಚೆ ತೆಲಂಗಾಣದ ಕೋಳಿಗಳು ಸಹ ಬೆಳಗಾಯಿತೆಂದು ಎದ್ದು ಕೂಗುತ್ತಿದ್ದವು. ಅಂಥವನಿಗೆ ಈ ನೂರು ಹೆಜ್ಜೆ ಏಳು ವರ್ಷದಿಂದ ದಾಟಲಾಗಿರಲಿಲ್ಲ.

ದಾಟಲಾಗದ್ದಕ್ಕೆ ಕಾರಣ ಅವನ ನಾಲಿಗೆ. ಸೇಡಂ ತಾಲೂಕಿನಲ್ಲೇ ಅಷ್ಟು ಉದ್ದನೆಯ ನಾಲಿಗೆ ಮತ್ತೊಂದಿರಲಿಲ್ಲ. ಚಿಂಚೋಳಿಯಲ್ಲೂ ಇರಲಿಲ್ಲ, ಅಲ್ಲಿಯವರೇ ಒಪ್ಪಿಕೊಂಡ ಮಾತಿದು. ಅಕ್ಕನ ಮಗಳು ಶಿವಗಂಗಾಳನ್ನು ನೋಡಲು ಚಿತ್ತಾಪುರದ ಕಡೆಯ ಬೀಗರು ಬರುವವರಿದ್ದರು. ದಾರಿಯಲ್ಲಿ ಅವರನ್ನು ಜೀಪಿನಲ್ಲಿ ಕರೆತಂದವನು ಸಾಯಬಣ್ಣನೇ. "ನಿಮ್ಮ ಅಕ್ಕಗ ಎಮ್ಮಿ ಎಷ್ಟು ಅವ?" ಎಂದು ಅವರು ಕೇಳಿದರೆ, ಬಾಯಿಗೆ ಬಂದ ಅಂಕಿ ಹನ್ನೊಂದು. ಯಾಕೆ ಹನ್ನೊಂದು, ಅವನಿಗೇ ಗೊತ್ತಿಲ್ಲ. ಹತ್ತು ಎಂದರೆ ಕಡಿಮೆ ಆದೀತೆಂದಿರಬೇಕು. ಬೀಗರು ಚಹಾ ಕುಡಿದು ಕೊಟ್ಟಿಗೆಗೆ ಹೋಗಿ ಎಣಿಸಿದರು. ಎಣಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಅಲ್ಲಿದ್ದದ್ದು ಒಂದು ಎಮ್ಮೆ. ಎಮ್ಮೆಯೇ ಸುಳ್ಳಾದರೆ ಉಳಿದದ್ದೂ ಎಷ್ಟು ಖರೆಯೋ ಎಂದು ಎದ್ದು ಹೋದರು. ಮರುವರ್ಷ ಶಿವಗಂಗಾಳಿಗೆ ಇನ್ನೂ ಒಳ್ಳೆಯ ಕಡೆ ಲಗ್ನವಾಯಿತು. ಆ ಲಗ್ನಕ್ಕೆ ಸೋದರಮಾವನಿಗೆ ಕರೆ ಇರಲಿಲ್ಲ.

ಈಗ ಅವನು ಇಲ್ಲಿಗೆ ಬಂದದ್ದು ಹಿಂದಿನ ಸೀಟಿನ ಇನ್ನೊಬ್ಬ ಹೆಂಗಸಿನಿಂದಾಗಿ. ಸಿಮೆಂಟ್ ಕಾರ್ಖಾನೆಗೆ ಭಟ್ಟಿ ಕೂಡಿಸಲು ಮೂರು ತಿಂಗಳಿಗೆಂದು ಬಂದ ಮೆಕ್ಸಿಕೋದ ಇಂಜಿನಿಯರನ ಹೆಂಡತಿ, ಹೆಸರು ಎಲೆನಾ. ತನ್ನ ಊರಲ್ಲಿ ಅವಳ ಕೆಲಸವೇ ಬಂದವರಿಗೆ ಅರ್ಧ ದಿನ ಊರು ತೋರಿಸುವುದು: ಮಗ್ಗದವರ ಮನೆ, ಕರಿಮಣ್ಣಿನ ಗಡಿಗೆ ಮಾಡುವವರ ಮನೆ, ಕೊನೆಗೆ ಚೀಸ್ ಮಾಡುವ ಮುದುಕಿಯ ಮನೆ. ಅಲ್ಲಿ ಚೀಸನ್ನು ಎಳೆ ಎಳೆಯಾಗಿ ಜಗ್ಗಿ ನೂಲಿನ ಉಂಡೆಯಂತೆ ಸುತ್ತಿಡುತ್ತಾರಂತೆ. ಇದನ್ನು ಕೇಳಿದಾಗ ಸಾಯಬಣ್ಣನಿಗೇ, ಹೌದು ಸಾಯಬಣ್ಣನಿಗೇ, ಇದು ಸುಳ್ಳಿರಬೇಕು ಎನಿಸಿತ್ತು. ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುವ ವಾಡಿಯ ಹುಡುಗಿ ಪೂನಮ್ ಅವಳ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸಿ, "ನಿಮ್ಮ ಕಡಿ ಹಂಗ ತೋರಸೋರು ಯಾರೂ ಇಲ್ಲೇನು ಅಂತ ಕೇಳಾಕತ್ಯಾರ ಕಾಕಾ" ಎಂದಾಗ, ಇವನು ಎದೆ ಉಬ್ಬಿಸಿ, "ನಾ ಇದ್ದೀನಲ್ಲ! ಚೀಸ್ ಅಂದ್ರ ನಮ್ಮ ಅಕ್ಕನ್ದು" ಎಂದುಬಿಟ್ಟಿದ್ದ. ಅಕ್ಕನ ಎಮ್ಮೆ ಈದ ಸುದ್ದಿಯನ್ನು ಹಿಂದಿನ ದಿನವಷ್ಟೇ ಚಿಮ್ಮನಚೋಡದ ಪ್ಯಾಸೆಂಜರೊಬ್ಬ ಹೇಳಿದ್ದ; ಅವನ ಲೆಕ್ಕದಲ್ಲಿ ಗಿಣ್ಣವೇ ಚೀಸ್.

ಬೆಳಗ್ಗೆ ಆರಕ್ಕೇ ಸೇಡಂ ಬಿಟ್ಟಿದ್ದರು. ಚಿಂಚೋಳಿಯಲ್ಲಿ ಬುಟ್ಟಿ ಹೆಣೆಯುವವರ ಓಣಿಗೆ ಕರೆದೊಯ್ದು, "ಈ ಬುಟ್ಟ್ಯಾಗ ನೀರು ತುಂಬಿದ್ರೂ ಹನಿ ಸೋರೂದಿಲ್ಲ" ಎಂದ. ಎಲೆನಾ ತನ್ನ ಬಾಟಲಿಯ ನೀರನ್ನು ಸುರಿದೇ ನೋಡಿದಳು. ನೀರು ನೆಟ್ಟಗೆ ಅವಳ ಬೂಟಿಗೆ ಇಳಿಯಿತು. "ಹಳೀ ಬುಟ್ಟಿ ಸೋರೂದಿಲ್ಲ, ಇದು ಹೊಸಾದು" ಎಂದ ಸಾಯಬಣ್ಣ. ಎಲೆನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿಂದ ಹೊರಟ ಮೇಲೆ, ಅಕ್ಕನಿಗೆ ಎಷ್ಟು ಎಮ್ಮೆ ಎಂದು ಕೇಳಿದಳು. ಸಾಯಬಣ್ಣ ಜೋರಾಗಿ ಹಾರ್ನ್ ಒತ್ತಿದ. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

"ಇಳೀರಿ ಕಾಕಾ" ಎಂದಳು ಪೂನಮ್ ಈಗ. "ಹೊತ್ತ ನೆತ್ತಿಗೆ ಬಂತು."

ಇಳಿದ. ಸೀಟಿನ ಕೆಳಗಿದ್ದ ಚೀಲವನ್ನು ಅಲ್ಲೇ ಬಿಟ್ಟ.

ಗಿಣ್ಣ ಮಾಡಿದ ಮನೆಯ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವಂತಿಲ್ಲ. ಗಿಣ್ಣವನ್ನು ಮಾರುವಂತೆಯೂ ಇಲ್ಲ. ಹಗೆಯವನು ಬಂದರೂ ಒಂದು ತುಣುಕು ಕೈಗಿಡಬೇಕು. ಸಾಯಬಣ್ಣ ನೆಚ್ಚಿದ್ದು ಇದೊಂದನ್ನೇ.

ಮಹಾದೇವಮ್ಮ ಕಟ್ಟೆಯ ಮೇಲೆ ಕೌದಿ ಹರಡಿಕೊಂಡು ಹೊಲಿಯುತ್ತಿದ್ದಳು. ಬಿಳಿ ಹೆಂಗಸನ್ನು ನೋಡಿದಳು, ಪೂನಮ್‌ಳನ್ನು ನೋಡಿದಳು, ಅವರ ಹಿಂದೆ ಬೇವಿನ ಗಿಡಕ್ಕಿಂತ ತೆಳ್ಳಗಾಗಲು ಪ್ರಯತ್ನಿಸುತ್ತಿದ್ದ ತಮ್ಮನನ್ನೂ ನೋಡಿದಳು.

"ಬರ್ರಿ, ಕುಂದರ್ರಿ" ಎಂದಳು. ಯಾರಿಗೆಂದು ಹೇಳಲಿಲ್ಲ.

ಹೆಂಗಸರಿಬ್ಬರೂ ಒಳಗೆ ಹೋದರು. ಸಾಯಬಣ್ಣ ಹೊಸ್ತಿಲ ಹೊರಗೆ ಕುಕ್ಕರುಗಾಲಲ್ಲಿ ಕೂತ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು, ಅದರೊಳಗೆ ಬೆಲ್ಲ ಏಲಕ್ಕಿ ಕಲಸಿದ ಹೊಸ ಹಾಲಿನ ತಾಟು. ಮಹಾದೇವಮ್ಮ ಮುಚ್ಚಳ ತೆಗೆದು ಜೋಳದ ಕಡ್ಡಿ ಚುಚ್ಚಿ ನೋಡಿದಳು. ಕಡ್ಡಿ ಒಣಗಿಯೇ ಬಂತು. ಆ ಪರಿಮಳ ಮನೆ ದಾಟಿ, ಓಣಿ ದಾಟಿ, ಬಹುಶಃ ಬೀದರವರೆಗೂ ಹೋಗಿರಬೇಕು, ಹೊಸ್ತಿಲಿಗಂತೂ ಬಂತು. ಸಾಯಬಣ್ಣ ಕಣ್ಣು ಮುಚ್ಚಿದ.

ಎಲೆನಾ ಗಿಣ್ಣದ ತುಣುಕನ್ನು ಬಾಯಿಗಿಟ್ಟುಕೊಂಡು ಬೆರಳನ್ನೂ ನೆಕ್ಕಿದಳು. ಆಮೇಲೆ ಪೂನಮ್‌ಗೆ ಏನೋ ಹೇಳಿದಳು.

"ಅವರ ಅಜ್ಜೀನೂ ಆಕಳ ಈದಾಗ ಮೊದಲಿನ ಹಾಲಿಂದ ಮಾಡ್ತಿದ್ದಳಂತ್ರಿ. ಅಜ್ಜಿ ಹೋದ ಮ್ಯಾಲ ಇವತ್ತೇ ತಿನ್ನೂದಂತ."

"ಹೌದಾ? ಅಲ್ಲೂ ಎಮ್ಮಿ ಆಕಳ ಈಯ್ತಾವೇನು!" ಎಂದು ಮಹಾದೇವಮ್ಮ ಬೆರಗಾಗಿ ಇನ್ನೊಂದು ತುಣುಕು ಹಾಕಿದಳು. ಮೂವರೂ ಕಟ್ಟೆಗೆ ಬಂದರು; ಮಹಾದೇವಮ್ಮ ಮತ್ತೆ ಹೊಲಿಯಲು ಕೂತರೆ, ಎಲೆನಾ ಕೇಳದೆಯೇ ಇನ್ನೊಂದು ಸೂಜಿ ತೆಗೆದುಕೊಂಡು, ಕೌದಿಯ ಮೂಲೆಯಲ್ಲಿ ಕೆಂಪು ನೂಲಿನಿಂದ ಹಕ್ಕಿಯೊಂದನ್ನು ಹೊಲಿಯತೊಡಗಿದಳು. ಹೊಲಿಯುತ್ತಲೇ, ಉತ್ತರ ಸಿಗದೆ ಉಳಿದಿದ್ದ ಪ್ರಶ್ನೆಯನ್ನು ಮತ್ತೆ ಕೇಳಿದಳು. ಈ ಸಲ ಕೇಳಿದ್ದು ಮಹಾದೇವಮ್ಮನನ್ನು.

ಪೂನಮ್‌ಗೆ ಹಳೆಯ ಕಥೆ ಏನು ಗೊತ್ತು. "ನಿಮಗ ಎಮ್ಮಿ ಎಷ್ಟು ಅವರಿ ಅಂತ ಕೇಳಾಕತ್ಯಾರ" ಎಂದುಬಿಟ್ಟಳು.

ಮಹಾದೇವಮ್ಮನ ಕೈಯ ಸೂಜಿ ನಿಂತಿತು. "ನನ್ನ ಯಾಕ ಕೇಳ್ತೀರಿ" ಎಂದಳು. "ನನ್ನ ಎಮ್ಮಿ ಎಣಸಾಂವ ಬ್ಯಾರೆ ಇದ್ದಾನ. ಅಲ್ಲಿ ಹೊಸ್ತಿಲದಾಗ ಕುಂತಾನ ನೋಡ್ರಿ."

ಮೂವರೂ ಸಾಯಬಣ್ಣನ ಕಡೆ ತಿರುಗಿದರು. ಅವನ ಗಂಟಲಲ್ಲಿ ಹನ್ನೊಂದು, ಇಪ್ಪತ್ತೆರಡು, ನೂರಾ ಒಂದು ಎಲ್ಲವೂ ಸಾಲು ಹಚ್ಚಿ ನಿಂತಿದ್ದವು.

"ಒಂದೇ" ಎಂದ.

ಆಮೇಲೆ ಅಕ್ಕನ ಕಡೆ ತಿರುಗಿದ.

"ಒಂದೇ ಅದವ್ವ. ಅವತ್ತೂ ಒಂದೇ ಇತ್ತು. ನಾ ಸುಳ್ಳ ಹೇಳಿದ್ದೆ ಅಕ್ಕಾ. ತಪ್ಪಾಯ್ತು."

ಪೂನಮ್ ಇದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಎಲೆನಾ ಕೇಳಲೂ ಇಲ್ಲ. ಮಹಾದೇವಮ್ಮ ನೂಲನ್ನು ಹಲ್ಲಿನಿಂದ ಕಡಿದು, ಕೌದಿಯನ್ನು ಮಡಿಲಿಂದ ಸರಿಸಿದಳು.

"ಏ ಸಾಯಬ್ಯಾ, ಈಗರೆ ಸರಿ ಎಣಸ್ತಿ ಅಂದ್ರ ಅದೂ ಇಲ್ಲ" ಎಂದಳು. "ಕೊಟಗ್ಯಾಗ ಕರಾ ನಿಂತದ, ಕಣ್ಣಿಗೆ ಕಾಣವಲ್ದೇನು? ಎರಡು ಅಂತ ಹೇಳು."

ಸಾಯಬಣ್ಣ ಎದ್ದು ಓಣಿಯ ತುದಿಗೆ ಓಡಿದ. ಅವನು ಓಡಿದ್ದನ್ನು ಆ ಊರು ಅದೇ ಮೊದಲು ನೋಡಿದ್ದು. ಸೀಟಿನ ಕೆಳಗಿನ ಚೀಲ ತಂದು, ಕಟ್ಟೆ ಹತ್ತಿ, ಅಕ್ಕನ ಮುಂದೆ ಇಟ್ಟ. ಒಳಗೆ ಸ್ಟೀಲಿನ ತಂಬಿಗೆ, ಕೊರಳಿನ ಮೇಲೆ ಚುಕ್ಕಿ ಚುಕ್ಕಿಯಾಗಿ 'ಮಹಾದೇವಮ್ಮ' ಎಂದು ಕೊರೆಸಿದ್ದು. ಬೀಗರು ಬರುವ ಹಿಂದಿನ ವಾರ ಗಿಣ್ಣದ ಹಾಲು ಹಾಕಿ ಅವಳೇ ಕಳಿಸಿಕೊಟ್ಟ ತಂಬಿಗೆ. ಗಿಣ್ಣದ ಹಾಲಿನ ತಂಬಿಗೆಯನ್ನು ಬರಿದು ಮರಳಿಸಬಾರದು. ಏಳು ವರ್ಷದಲ್ಲಿ ಗೋಡೆಯ ಗೂಡಿನಲ್ಲಿಟ್ಟ ಆ ತಂಬಿಗೆಗೆ ಅವನು ಪ್ರತಿ ಸುಗ್ಗಿಗೂ ಹಳೆಯ ಬೇಳೆ ತೆಗೆದು ಹೊಸ ತೊಗರಿಬೇಳೆ ತುಂಬಿಡುತ್ತಿದ್ದ. ಇದನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ. ಅವನು ಹೇಳದೆ ಉಳಿಸಿಕೊಂಡ ಸಂಗತಿ ಅದೊಂದೇ ಇರಬೇಕು.

ಮಹಾದೇವಮ್ಮ ಬೇಳೆಯನ್ನು ಮೊರಕ್ಕೆ ಸುರಿದುಕೊಂಡು ಬೆರಳಾಡಿಸಿದಳು.

"ಈ ವರ್ಷದ್ದಾ?"

"ಹ್ಞೂಂ."

ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆ ಎಂದಳು. ಒಲೆ ಆಗಲೇ ಆರಿತ್ತು. ಒಳಗೆ ಹೋಗಿ ಅದೇ ತಂಬಿಗೆಗೆ ಕೊರಳ ಮಟ್ಟ ಗಿಣ್ಣದ ಹಾಲು ಹಾಕಿ, ಬಾಯಿಗೆ ಮುತ್ತುಗದ ಎಲೆ ಕಟ್ಟಿ ತಂದುಕೊಟ್ಟಳು.

"ತಂಬಿಗಿ ಬರೋ ಐತವಾರ ಬೇಕು ನನಗ. ಶಿವಗಂಗಾ ಬರ್ತಾಳ ಮಕ್ಕಳನ್ನ ಕರ್ಕೊಂಡು. ಮತ್ತ ಏಳು ವರ್ಷ ಇಟ್ಕೊಂಡಿ ಅಂದ್ರ ನೋಡು."

"ಇಲ್ಲಕ್ಕಾ" ಎಂದ. ಇನ್ನೂ ಏನೋ ಹೇಳಬೇಕೆಂದಿದ್ದ. ಆ ಉದ್ದನೆಯ ನಾಲಿಗೆಯಲ್ಲಿ ಅಷ್ಟೇ ಬಂತು.

ಹೊರಡುವಾಗ ಎಲೆನಾ ಮಹಾದೇವಮ್ಮನ ಎರಡೂ ಕೈ ಹಿಡಿದುಕೊಂಡು ತನ್ನ ಭಾಷೆಯಲ್ಲೇ ಏನೋ ಹೇಳಿದಳು. ಪೂನಮ್‌ಗೆ ಅದು ಬರುತ್ತಿರಲಿಲ್ಲ. ಮಹಾದೇವಮ್ಮ ತಲೆಯಾಡಿಸಿ, "ಇರ್ಲಿ ಬಿಡವ್ವ, ಮನಿ ನಿಂದೇ ಅದ" ಎಂದಳು.

ಮರಳಿ ಬರುವಾಗ ಸಾಯಬಣ್ಣ ತಂಬಿಗೆಯನ್ನು ಪೂನಮ್‌ಗೆ ಕೊಡಲಿಲ್ಲ. ತೊಡೆಗಳ ನಡುವೆ ಇಟ್ಟುಕೊಂಡು, ಒಂದು ಕೈಯನ್ನು ಅದರ ಕೊರಳಿಗೆ ಹಚ್ಚಿ, ಇನ್ನೊಂದರಿಂದ ಜೀಪು ನಡೆಸಿದ. ರಸ್ತೆಯಲ್ಲಿ ತಗ್ಗು ಬಂದಲ್ಲೆಲ್ಲ ನಿಂತು ನಿಂತು ಇಳಿಸಿದ. ಹಾರ್ನ್ ಒತ್ತಲು ಕೈ ಖಾಲಿ ಇರಲಿಲ್ಲ. ಚಿಂಚೋಳಿ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ, ಕ್ಯಾರಿಯರಿನ ಮೇಲೆ ಹಸಿ ಹುಲ್ಲಿನ ಹೊರೆ ಹೇರಿಕೊಂಡ ಒಬ್ಬ ಮುದುಕ ಸೈಕಲ್ಲಿನ ಗಂಟೆ ಬಾರಿಸುತ್ತ ಜೀಪನ್ನು ದಾಟಿ ಮುಂದೆ ಹೋದ.