ಎದುರು ನಿಲ್ಲುವವರು

ಸುಗ್ಗಿಯ ಗವಾಯ್ ಹಬ್ಬಕ್ಕೆ ಇನ್ನೆರಡು ತಿಂಗಳಿದೆ ಅನ್ನುವಾಗಲೇ ಬೆಲಾಯೊಂಗನ ಮೊಣಕಾಲು ಕೈಕೊಟ್ಟಿತು. ಬೆತೋಂಗ್ ಪೇಟೆಯ ಡಾಕ್ಟರಮ್ಮ ಕಾಲನ್ನು ಮಡಿಸಿ, ಬಿಡಿಸಿ, ಲಟಕ್ ಅನ್ನುವ ಸದ್ದನ್ನು ತಾನೂ ಕೇಳಿ, "ಇನ್ಮೇಲೆ ಕುಕ್ಕರಗಾಲಲ್ಲಿ ಕೂರೋದೇ ಬೇಡ ಅಜ್ಜ" ಎಂದಳು. ಕುಕ್ಕರಗಾಲಲ್ಲಿ ಕೂರದೆ ತಾತಂದಿರ ಕಾಲದ ವರಸೆಯಾಟ ಕುಂತಾವ್ ಆಡುವುದೆಂದರೆ ನೀರಿಗೆ ಇಳಿಯದೆ ಈಜಿದ ಹಾಗೆ. ಆದರೆ ಅವಳು ಟೇಕ್ವಾಂಡೋ ತಲೆಮಾರಿನ ಹುಡುಗಿ, ಅವಳಿಗೆ ಹೇಳಿ ಏನು ಫಲ? ಮುಲಾಮಿನ ಡಬ್ಬಿ ತೆಗೆದುಕೊಂಡು ಮುದುಕ ಬಸ್ಸು ಹತ್ತಿದ.

ಚಿಂತೆ ಮೊಣಕಾಲಿನದಲ್ಲ, ಚಾಪೆಯದು. ಹಬ್ಬದ ಮಧ್ಯಾಹ್ನ ಮೇಲ್ಹೊಳೆಯ ಉದ್ದಮನೆಯಿಂದ ನೆಂಟರು ಬರುತ್ತಾರೆ. ಇಲ್ಲಿನದೂ ಅಂಥದೇ ಉದ್ದಮನೆ: ಒಂದೇ ಸೂರು, ಒಂದೇ ಜಗಲಿ, ಸಂಸಾರಕ್ಕೊಂದು ಬಾಗಿಲು. ಇರುವ ಬಾಗಿಲುಗಳಲ್ಲೆಲ್ಲ ಅಕ್ಕಿಹೆಂಡ ಕುಡಿದು ಮುಗಿಸುವ ಹೊತ್ತಿಗೆ ಜಗಲಿಯ ನಡುವೆ ಚಾಪೆ ಬೀಳುತ್ತದೆ, ಜಾಗಟೆ ಮೊಳಗುತ್ತದೆ, ಆ ಮನೆಯ ಗುರು ಸಿಬತ್ ಎದ್ದು ಬಂದು ಚಾಪೆಯ ಮೇಲೆ ನಿಲ್ಲುತ್ತಾನೆ. ಅವನೆದುರಿಗೆ ಈ ಮನೆಯ ಪರವಾಗಿ ಒಬ್ಬರು ನಿಲ್ಲಬೇಕು. ಹೊಡೆದಾಟವೇನಲ್ಲ. ಮೈ ಮುಟ್ಟುವ ಹಾಗಿಲ್ಲ, ಮುಟ್ಟಿಯೇಬಿಟ್ಟ ಅನ್ನುವಷ್ಟು ಹತ್ತಿರ ಹೋಗಬೇಕು, ಚಾಪೆಯಿಂದ ಕಾಲು ಹೊರಗಿಟ್ಟವನು ಸೋತ. ಸೋತರೂ ನಷ್ಟವಿಲ್ಲ, ಇನ್ನೊಂದು ಬಟ್ಟಲು ಕುಡಿದು ನಕ್ಕರಾಯಿತು. ಎದುರು ನಿಲ್ಲುವವರೇ ಇಲ್ಲದೆ ಚಾಪೆ ಸುತ್ತಿಟ್ಟರೆ ಮಾತ್ರ ಮನೆಯ ಮಾನವನ್ನೂ ಅದರೊಳಗೆ ಸುತ್ತಿಟ್ಟ ಹಾಗೆ. ಬೆಲಾಯೊಂಗನ ಕಾಲದಲ್ಲಿ ಹಾಗೆ ಒಮ್ಮೆಯೂ ಆಗಿರಲಿಲ್ಲ. ಅವನ ಹಳೆಯ ಶಿಷ್ಯರು ಈಗ ಮಿರಿಯ ತೈಲಬಾವಿಗಳಲ್ಲಿದ್ದಾರೆ, ಜೊಹೊರಿನ ಹಡಗುಕಟ್ಟೆಗಳಲ್ಲಿದ್ದಾರೆ. ಹಬ್ಬಕ್ಕೆ ಬರುವಾಗ ಹೊಟ್ಟೆ ಬೆಳೆಸಿಕೊಂಡು, ಅದಕ್ಕಿಂತ ದೊಡ್ಡ ಸ್ಪೀಕರ್ ಹೊತ್ತುಕೊಂಡು ಬರುತ್ತಾರೆ. ಅವರನ್ನು ಚಾಪೆಗೆ ಬಿಟ್ಟರೆ ಚಾಪೆಗೇ ಅವಮಾನ.

"ಡೋರೀನ್ ಇದ್ದಾಳಲ್ಲ, ಬಿಡು" ಎಂದಳು ಹೆಂಡತಿ ಲಾಮಿತ್.

ಡೋರೀನ್ ಮೊಮ್ಮಗಳು. ಪೇಟೆಯ ಶಾಲೆಯಲ್ಲಿ ಆಟದ ಟೀಚರ್. ಚಿಕ್ಕವಳಿದ್ದಾಗ ಅಜ್ಜನ ಹಿಂದೆಯೇ ಸುತ್ತುತ್ತ ಎಲ್ಲ ಹೆಜ್ಜೆಗಳನ್ನೂ ಕಲಿತವಳು. ಹೆಂಗಸರು ಆಡಬಾರದೆಂದು ಯಾವ ಹಿರಿಯನೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಫೋನ್ ಮಾಡಿದರೆ "ನಾನು ನಿಲ್ತೀನಿ ಅಜ್ಜ, ನೀನು ಆರಾಮಾಗಿ ಕೂತು ಹೆಂಡ ಕುಡಿ" ಎಂದಳು. ಅಂದು ಮುದುಕ ಎರಡು ತುತ್ತು ಅನ್ನ ಹೆಚ್ಚೇ ಉಂಡ.

ಆ ನೆಮ್ಮದಿ ಬಹಳ ದಿನ ಬಾಳಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಲಾಮಿತ್ ನಗು ತಡೆಯಲು ಬಾಯಿಗೆ ಅಂಗೈ ಒತ್ತಿಕೊಂಡು ಬಂದು, ಮೊಬೈಲನ್ನು ಅವನ ಮೂಗಿನ ಹತ್ತಿರ ಹಿಡಿದಳು. ಉದ್ದಮನೆಯವರೆಲ್ಲ ಹಿಂದಿನ ಸಂಜೆಯೇ ನೋಡಿ ಆಗಿದ್ದ ವಿಡಿಯೊ. ಪೇಟೆಯ ಸಮುದಾಯ ಭವನದಲ್ಲಿ ವ್ಯಾಯಾಮದ ತರಗತಿ. ಬಣ್ಣಬಣ್ಣದ ಬಿಗಿ ಚಡ್ಡಿ ತೊಟ್ಟ ಹೆಂಗಸರ ದಂಡು. ಜಾಗಟೆಯ ಸದ್ದಿಗೆ ಡಿಜೆ ಬೆರೆಸಿದ ಒಂದು ಗದ್ದಲ. ಆ ಗದ್ದಲಕ್ಕೆ ಎಲ್ಲರೂ ಒಟ್ಟಿಗೆ ಹಾಕುತ್ತಿದ್ದದ್ದು ಬೆಲಾಯೊಂಗನ ಹೆಜ್ಜೆ! ಅವನ ಗುರು ಕತ್ತಲಲ್ಲಿ ಪಿಸುಗುಟ್ಟಿ ಹೇಳಿಕೊಟ್ಟ ಹೆಜ್ಜೆ. ವೇದಿಕೆಯ ಮೇಲೆ ಡೋರೀನ್ "ಹಾಂ, ಸೊಂಟ ಕೆಳಗೆ, ಇನ್ನೂ ಕೆಳಗೆ" ಎಂದು ಕೂಗುತ್ತಿದ್ದಳು. ಹಾಗೆ ಕೂಗುತ್ತಲೇ ವೇದಿಕೆಯ ಅಂಚಿನಿಂದ ಜಾರಿ ಕಾಣೆಯಾದಳು. ವಿಡಿಯೊ ಅಲ್ಲಿಗೆ ಮುಗಿಯಿತು.

"ಕಾಲು ಉಳುಕಿದೆಯಂತೆ. ಪಟ್ಟಿ ಹಾಕಿದ್ದಾರೆ. ಹಬ್ಬ ಕಳೆಯೋವರೆಗೂ ನೆಲಕ್ಕೆ ಊರೋ ಹಾಗಿಲ್ಲವಂತೆ" ಎಂದಳು ಲಾಮಿತ್. ಈಗ ಅವಳ ನಗು ಅರ್ಧಕ್ಕೇ ನಿಂತಿತ್ತು.

ಬೆಲಾಯೊಂಗ್ ಕೇಳಿದ್ದು ಒಂದೇ ಮಾತು: "ಅವರ ಹತ್ರ ಕಬ್ಬಿಣ ಇಸ್ಕೊಂಡಿದ್ದಾಳಾ?"

ಇಸ್ಕೊಂಡಿರಲಿಲ್ಲ. ಕಲಿಯಲು ಬಂದವರು ಮೊದಲು ಒಂದು ತುಂಡು ಕಬ್ಬಿಣವನ್ನು ಗುರುವಿನ ಕೈಗೆ ಕೊಡಬೇಕು. ಕಲಿಸುವಾಗ ಗುರುವಿನ ಜೀವ ಸ್ವಲ್ಪ ಸ್ವಲ್ಪವೇ ಸೋರುತ್ತದೆ. ಕಬ್ಬಿಣ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇದು ತಿಳಿದೂ ತಿಳಿದೂ ಈ ಹುಡುಗಿ ಅಷ್ಟೊಂದು ಜನಕ್ಕೆ ಬರಿಗೈಯಲ್ಲಿ ಕಲಿಸಿದ್ದಳು. ಕಾಲು ಉಳುಕದೆ ಇನ್ನೇನಾದೀತು?

"ವೇದಿಕೆ ಸಣ್ಣದಿತ್ತು ಅಜ್ಜ, ಅದಕ್ಕೇ ಬಿದ್ದೆ" ಎಂದಳು ಡೋರೀನ್ ಫೋನಿನಲ್ಲಿ.

"ಕುಣಿಯೋಕೆ ಬರದೇ ಇದ್ದೋಳು ನೆಲ ಡೊಂಕು ಅಂದಳಂತೆ! ಶನಿವಾರ ಬರ್ತೀನಿ. ಎಲ್ಲರಿಗೂ ಹೇಳು, ತಲೆಗೊಂದು ಕಬ್ಬಿಣ ತರಲಿ."

ಶನಿವಾರ ಬಿದಿರ ಬುಟ್ಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅವನು ಭವನದ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತ. ಪಕ್ಕದಲ್ಲಿ ಡೋರೀನ್, ಪಟ್ಟಿ ಸುತ್ತಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿಕೊಂಡು. ಹೆಂಗಸರು ಸಾಲಾಗಿ ಬಂದರು. ಒಬ್ಬಳು ಸ್ಪ್ಯಾನರ್ ತಂದಿದ್ದಳು, ಇನ್ನೊಬ್ಬಳು ಬಾಣಲೆಯ ಮುರಿದ ಹಿಡಿ, ಮತ್ತೊಬ್ಬಳು ಗಂಡನ ಮೀನಿನ ಗಾಳ. ಬುಟ್ಟಿಗೆ ಹಾಕಿಸಿಕೊಂಡು ಸುಮ್ಮನಿರಬಹುದಿತ್ತು. ಬೆಲಾಯೊಂಗ್ ಸುಮ್ಮನಿರುವ ಆಸಾಮಿಯೇ? ಒಂದೊಂದನ್ನೂ ಕೈಗೆ ತೆಗೆದುಕೊಂಡು, ತೂಗಿ, ಉಗುರಿನಿಂದ ತಟ್ಟಿ ನೋಡಿದ.

"ಇದೇನಮ್ಮ ಇದು? ತಲೆಪಿನ್ನಾ? ನನ್ನ ಮೊಮ್ಮಗಳ ಜೀವ ಇಷ್ಟೇನಾ?"

"ಅಜ್ಜ, ಕಾರಿನ ಬೀಗದ ಕೈ ಕೊಡ್ತಿದ್ದೆ, ಆಮೇಲೆ ಮನೆಗೆ ನಡ್ಕೊಂಡು ಹೋಗಬೇಕಲ್ಲ!"

"ಈ ಚಮಚ ಸ್ಟೀಲಿನದು. ಸ್ಟೀಲಲ್ಲಿ ಜೀವ ನಿಲ್ಲಲ್ಲ, ಜಾರುತ್ತೆ. ಹೋಗು, ಬೇರೆ ತಗೊಂಡ್ಬಾ."

ಕೊನೆಗೆ ಬಂದವಳು ರಿಂದಾ. ಬಸ್ ಸ್ಟ್ಯಾಂಡಿನ ಎದುರು ನೂಡಲ್ಸ್ ಅಂಗಡಿ ನಡೆಸುವ ಐವತ್ತರ ಹೆಂಗಸು. ಹರವಾದ ಭುಜ, ಅದಕ್ಕಿಂತ ಹರವಾದ ನಗು. ಅವಳು ಕೊಟ್ಟದ್ದು ಹಳೆಯ ಮಚ್ಚಿನ ತುದಿ. ಬೆಲಾಯೊಂಗ್ ಅದನ್ನು ಅಂಗೈಯಲ್ಲಿ ಹೊರಳಿಸಿ ಮೆಚ್ಚಿ ತಲೆದೂಗಿ ಬುಟ್ಟಿಗೆ ಹಾಕಿದ.

"ಆಯ್ತಾ ಅಜ್ಜ? ಎಲ್ಲರದೂ ಕೈಗೆ ತಗೊಂಡ್ರಾ?" ಎಂದಳು ರಿಂದಾ.

"ತಗೊಂಡೆ."

"ನಿಮ್ಮ ಕೈಗೆ?"

"ಮತ್ತಿನ್ಯಾರ ಕೈಗೆ?" ಎಂದವನ ಬಾಯಿ ತೆರೆದದ್ದು ತೆರೆದೇ ಉಳಿಯಿತು.

ಕಬ್ಬಿಣ ಯಾರ ಕೈ ಸೇರಿತೋ ಅವರೇ ಗುರು. ಶಿಷ್ಯರಿಗೆ ಪೂರ್ತಿ ಬರುವವರೆಗೂ ಅವರು ಕೈಬಿಡುವ ಹಾಗಿಲ್ಲ. ಇದನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದವರೇ ಬೆಲಾಯೊಂಗನ ವಂಶದವರು. ತಾನು ತೋಡಿದ ಹಳ್ಳಕ್ಕೆ ತಾನೇ, ಅದೂ ಕುರ್ಚಿಸಮೇತ ಬಿದ್ದಿದ್ದ.

"ನನ್ನಪ್ಪನೂ ಕುಂತಾವ್ ಆಡ್ತಿದ್ದ. ನಿಯಮ ನಂಗೂ ಗೊತ್ತು" ಎಂದಳು ರಿಂದಾ. "ಏಳಿ ಗುರುಗಳೇ. ಎಲ್ಲಿಂದ ಶುರು ಮಾಡೋಣ?"

ಭವನವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಡೋರೀನ್ ಎಷ್ಟು ನಕ್ಕಳೆಂದರೆ ಪಟ್ಟಿ ಕಟ್ಟಿದ ಕಾಲೂ ಕುರ್ಚಿಯಿಂದ ಜಾರಿತು. ಬೆಲಾಯೊಂಗನಿಗೆ ಕೋಪ ಬಂತು, ನಾಚಿಕೆಯೂ ಬಂತು. ಅವೆರಡರ ಅಡಿಯಲ್ಲಿ ಇನ್ನೇನೋ ಒಂದು ಬೆಚ್ಚಗೆ ಕದಲಿತು. ಅದು ಸಂತೋಷವೆಂದು ಒಪ್ಪಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

"ಮೊದಲು ಆ ಗಲಾಟೆ ನಿಲ್ಲಿಸಿ" ಎಂದ, ಸ್ಪೀಕರ್ ಕಡೆ ಕೈ ತೋರಿಸಿ.

ಆಮೇಲಿನ ಶನಿವಾರಗಳಲ್ಲಿ ಅವನೇ ಮೊದಲ ಬಸ್ಸಿಗೆ ಹೊರಟು ನಿಲ್ಲುತ್ತಿದ್ದ. ಕುರ್ಚಿಯಲ್ಲಿ ಕೂತೇ ಕೋಲಿನ ತುದಿಯಿಂದ ಮೊಣಕೈ ಎತ್ತಿಸಿದ, ಹಿಮ್ಮಡಿ ಸರಿಸಿದ. ಒಂದೆರಡು ವಾರದಲ್ಲಿ ಸ್ಪೀಕರಿಗೂ ರಾಜಿಯಾದ, ಡಿಜೆಯನ್ನು ತೆಗೆದು ಜಾಗಟೆಯನ್ನಷ್ಟೇ ಉಳಿಸಿದರೆ ಆದೀತೆಂದ. ಅವರಲ್ಲಿ ಹೆಚ್ಚಿನವರು ಹೊಟ್ಟೆ ಕರಗಲೆಂದು ಬಂದವರು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ರಿಂದಾ ಮಾತ್ರ ಬೇರೆ. ಕುದಿಯುವ ಬಟ್ಟಲುಗಳನ್ನು ಎರಡೂ ಕೈಯಲ್ಲಿ ಹಿಡಿದು ಇಕ್ಕಟ್ಟು ಮೇಜುಗಳ ನಡುವೆ ದಿನವಿಡೀ ನುಸುಳಿದ ಹೆಂಗಸು. ಅವಳ ಪಾದಕ್ಕೆ ಹೊಸದಾಗಿ ಹೇಳಿಕೊಡುವುದು ಬಹಳ ಇರಲಿಲ್ಲ. ಹಬ್ಬದ ದಿನ ನೀನು ನಿಲ್ಲುತ್ತೀಯಾ ಎಂದು ಕೇಳಲು ಬೆಲಾಯೊಂಗ್ ಪ್ರತಿ ಶನಿವಾರವೂ ಬಾಯಿ ತೆರೆದ. ಪ್ರತಿ ಸಲವೂ ಮೊಣಕೈ ಕೆಳಗಿದೆ ಎಂದು ಗದರಿ ಮುಚ್ಚಿಕೊಂಡ. ಶಿಷ್ಯರನ್ನು ಬೇಡಿಕೊಳ್ಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಹಬ್ಬಕ್ಕೆ ಅವರನ್ನೆಲ್ಲ ಕರೆದವಳು ಲಾಮಿತ್, ಅದೂ ಊಟಕ್ಕೆಂದು.

ಹಬ್ಬ ಬಂತು. ಬಿದಿರಿನಲ್ಲಿ ಬೆಂದ ಕೋಳಿಯ ಘಮ ಜಗಲಿಯ ಈ ತುದಿಯಿಂದ ಆ ತುದಿಗೆ ಹರಡಿತು. ಮೇಲ್ಹೊಳೆಯ ನೆಂಟರು ಪಿಕಪ್ಪುಗಳಲ್ಲಿ ಬಂದು ಪ್ರತಿ ಬಾಗಿಲಲ್ಲೂ ಕುಡಿದರು, ಹಾಡಿದರು, ತಮ್ಮ ಚಪ್ಪಲಿ ಕಳೆದುಕೊಂಡು ಬೇರೆಯವರದನ್ನು ಹಾಕಿಕೊಂಡರು. ಚಾಪೆ ಬಿತ್ತು. ಜಾಗಟೆ ಮೊಳಗಿತು. ಸಿಬತ್ ಎದ್ದು ಬಂದ. ಕೂದಲು ಹತ್ತಿಯಾಗಿದ್ದರೂ ಮೈ ಬೆತ್ತದ ಹಾಗೆ ಬಿಗಿಯಾಗಿತ್ತು. ನೆಲಕ್ಕೆ ಬಾಗಿ ನಮಸ್ಕರಿಸಿ, ಕೈ ಚಾಚಿ ಒಂದು ಸುತ್ತು ಹಾಕಿ, ನಿಂತು ಕಾದ.

ಯಾರೂ ಏಳಲಿಲ್ಲ. ಮಿರಿಯಿಂದ ಬಂದವರು ತಂತಮ್ಮ ಬಟ್ಟಲಿನೊಳಗೆ ಇಣುಕಿದರು. ಬೆಲಾಯೊಂಗ್ ತನ್ನ ಬಟ್ಟಲನ್ನು ಕೆಳಗಿಟ್ಟ. ಬಿದ್ದರೂ ಪರವಾಗಿಲ್ಲ, ಎಲ್ಲರೂ ನಕ್ಕರೂ ಪರವಾಗಿಲ್ಲ, ಚಾಪೆ ಬರಿದಾಗಬಾರದು. ಲಾಮಿತ್‌ಳ ಹೆಗಲು ಹಿಡಿದು ಎದ್ದ. ಮೊಣಕಾಲು ಜಾಗಟೆಗೂ ಕೇಳುವ ಹಾಗೆ ಲಟಕ್ ಅಂದಿತು.

"ಕೂತ್ಕೊಳ್ಳಿ ಗುರುಗಳೇ" ಎಂದು ಅವನ ಭುಜ ಅದುಮಿ ಕೂರಿಸಿ ರಿಂದಾ ಚಾಪೆಯತ್ತ ನಡೆದಳು. ಬಾಯಲ್ಲಿದ್ದ ಕೋಳಿಯ ತುಂಡನ್ನು ದಾರಿಯಲ್ಲೇ ನುಂಗಿದಳು.

ಸಿಬತ್‌ನ ಹುಬ್ಬು ಮೇಲೆ ಹೋಯಿತು. "ಯಾರಮ್ಮ ನೀನು? ಈ ಮನೆಯವಳಲ್ಲವಲ್ಲ."

"ಬೆಲಾಯೊಂಗ್ ಅಜ್ಜನ ಶಿಷ್ಯೆ. ಗುರುವಿನ ಮನೆ ಶಿಷ್ಯರ ಮನೆ ಅಲ್ವಾ?"

ಉದ್ದಮನೆಯ ಮುಖಂಡ ಕೂತಲ್ಲಿಂದಲೇ "ಹೌದು ಹೌದು" ಎಂದು ಕೂಗಿದ. ಅವನು ಆಗ ಯಾವುದಕ್ಕಾದರೂ ಹೌದೆನ್ನುವ ಸ್ಥಿತಿಯಲ್ಲಿದ್ದ.

ರಿಂದಾ ಬಾಗಿದಳು, ಕುಕ್ಕರಿಸಿದಳು, ಎದ್ದಳು. ಸಿಬತ್ ಮೊದಲು ಮಗುವಿನೊಡನೆ ಆಡುವವನಂತೆ ಆಡಿದ. ಅವಳ ಅಂಗೈ ಅವನ ಗಲ್ಲದವರೆಗೆ ಬಂದು ಕೂದಲೆಳೆಯಷ್ಟು ದೂರದಲ್ಲಿ ನಿಂತಾಗ ಆಟ ಬಿಟ್ಟು ಗಂಭೀರನಾದ. ಜಾಗಟೆ ಜೋರಾಯಿತು. ಇವಳು ನುಗ್ಗಿದರೆ ಅವನು ಹೊರಳಿದ, ಅವನು ನುಗ್ಗಿದರೆ ಇವಳು ಬಿಸಿ ಬಟ್ಟಲು ತಪ್ಪಿಸುವವಳಂತೆ ಸೊಂಟ ತಿರುಗಿಸಿ ಪಕ್ಕಕ್ಕೆ ಸರಿದಳು. ಭವನದ ಹೆಂಗಸರೆಲ್ಲ ಎದ್ದು ನಿಂತು "ಸೊಂಟ ಕೆಳಗೆ! ಇನ್ನೂ ಕೆಳಗೆ!" ಎಂದು ಕಿರುಚಿದರು. ಬೆಲಾಯೊಂಗ್ ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದ. ಕಣ್ಣು ಒದ್ದೆಯಾದದ್ದು ಅವನಿಗೆ ಗೊತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೊನೆಗೆ ರಿಂದಾಳ ಹಿಮ್ಮಡಿ ಚಾಪೆಯಾಚೆ ಇಳಿಯಿತು. ಸೋತಳು. ಸೋತವಳನ್ನು ಎತ್ತಿ ಕುಣಿದ ಗದ್ದಲಕ್ಕೆ ಗೆದ್ದವನನ್ನು ಯಾರೂ ಕೇಳುವವರಿರಲಿಲ್ಲ.

ಸಿಬತ್ ಏದುಸಿರು ಬಿಡುತ್ತ ಬಂದು ಬೆಲಾಯೊಂಗನ ಪಕ್ಕದಲ್ಲಿ ಕುಸಿದು ಕೂತ. ಲಾಮಿತ್ ಕೊಟ್ಟ ಬಟ್ಟಲನ್ನು ಒಂದೇ ಗುಟುಕಿಗೆ ಮುಗಿಸಿದ.

"ಲೋ ಬೆಲಾಯೊಂಗ್, ನೀನು ಏಳೋಕೆ ಒದ್ದಾಡಿದ್ಯಲ್ಲ, ನನ್ನ ಜೀವವೇ ಹೋದ ಹಾಗಾಯ್ತು ಕಣೋ."

"ಯಾಕೆ, ನಾನು ಬಿದ್ದರೆ ನಿನಗೇನು? ನಗಬಹುದಿತ್ತಲ್ಲ."

ಸಿಬತ್ ಖಾಲಿ ಬಟ್ಟಲನ್ನು ಕೆಳಗಿಟ್ಟ. "ನಮ್ಮ ಮನೇಲಿ ಚಾಪೆ ಹಾಸದೆ ಎಷ್ಟು ವರ್ಷ ಆಯ್ತು ಗೊತ್ತಾ? ನನ್ನ ಬಿಟ್ರೆ ಆಡೋರಿಲ್ಲ. ಅದಕ್ಕೇ ಪ್ರತಿ ಸಲ ನಾವೇ ಇಲ್ಲಿಗೆ ಬರ್ತೀವಿ, ನಿಮ್ಮನ್ನ ಕರೆಯಲ್ಲ. ನೀನೂ ಇಲ್ಲ ಅಂದ್ರೆ ನಾನು ಎಲ್ಲಿಗೆ ಹೋಗಲಿ?"

ಇಷ್ಟು ವರ್ಷ ಈ ಮನುಷ್ಯ ಸೋಲಿಸಲು ಬರುತ್ತಾನೆಂದುಕೊಂಡೇ ಬೆಲಾಯೊಂಗ್ ತಯಾರಿ ಮಾಡಿದ್ದ. ಗೆಳೆಯನ ಬೆವೆತ ಬೆನ್ನ ಮೇಲೆ ಕೈಯಿಟ್ಟ, ತೆಗೆಯಲಿಲ್ಲ.

"ನಂಗೆ ಮೂರು ಜನ ಸೊಸೆಯರಿದ್ದಾರೆ" ಎಂದ ಸಿಬತ್ ಚಾಪೆಯನ್ನೇ ನೋಡುತ್ತ. ಅಲ್ಲಿ ಆಗಲೇ ಇನ್ನಿಬ್ಬರು ಹೆಂಗಸರು ಎದುರುಬದುರಾಗಿ ಬಾಗುತ್ತಿದ್ದರು.

"ಶನಿವಾರ ಬೆಳಿಗ್ಗೆ, ಪೇಟೆಯ ಭವನ. ತಡವಾಗಿ ಬಂದ್ರೆ ನಾನು ಒಳಗೆ ಬಿಡಲ್ಲ" ಎಂದ ಬೆಲಾಯೊಂಗ್. "ನೀನೂ ಜೊತೇಲಿ ಬಾ. ಒಬ್ಬನಿಗೇ ಅಷ್ಟು ಜನರನ್ನ ಸಂಭಾಳಿಸೋಕಾಗಲ್ಲ."