ತೆಗಿ

ಅವನ ಪಾಲಿಗೆ ಬಂದ ಮಾತೆಂದರೆ ಅದೊಂದೇ, ತೆಗಿ. ಬೆಳಗ್ಗೆ ಎದ್ದರೆ ಗಾಡಿ ತೆಗಿ. ಜಾಗ ತಲುಪಿದರೆ ಡಿಕ್ಕಿ ತೆಗಿ, ಸ್ಟ್ಯಾಂಡ್ ತೆಗಿ, ಛತ್ರಿ ತೆಗಿ. ಯಾರೋ ದೊಡ್ಡ ಮನುಷ್ಯರು ಬಂದರೆ ಆ ಡಕೋಟ ಗಾಡಿ ಅಲ್ಲಿಂದ ತೆಗಿ. ಸಂಜೆ ಲಾಡ್ಜಿಗೆ ಬಂದರೆ ಬಾಗಿಲು ತೆಗಿ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಪುಸ್ತಕ ತೆಗಿ ಅಂದಾಗ ತೆಗೆದು ಕಿಟಕಿಯಿಂದಾಚೆ ಎಸೆದು ಎದ್ದು ಬಂದವನು ಅವನು. ಅವತ್ತಿಗೆ ಶಾಲೆಯ ಋಣ ಹರಿಯಿತು. ಆ ಮಾತಿನ ಋಣ ಮಾತ್ರ ಬೆನ್ನು ಬಿಡಲಿಲ್ಲ.

ಈಗ ಆ ಮಾತು ಹೇಳುವವಳು ಅಕ್ಕ. ಅಕ್ಕನದು ಫೋಟೋ ತೆಗೆಯುವ ಕೆಲಸ, ಅವನದು ಅವಳ ವ್ಯಾನ್ ಓಡಿಸುವ ಕೆಲಸ. ಬಹಳ ವರ್ಷ ಅವಳು ಇನ್ನೊಬ್ಬರ ಸ್ಟುಡಿಯೋದಲ್ಲಿ ನಿಂತು, ಪಾಸ್‌ಪೋರ್ಟ್ ಸೈಜಿಗೆ ಬಂದವರಿಗೆ ಗದ್ದ ಮೇಲೆ, ಕಣ್ಣು ಮಿಟುಕಿಸಬೇಡಿ ಅಂತ ಹೇಳಿ ಹೇಳಿ ಸಾಕಾಗಿ ಹೊರಗೆ ಬಂದಿದ್ದಳು. ತನ್ನದೇ ಹೆಸರಿನಲ್ಲಿ ಸಿಕ್ಕ ಮೊದಲ ದೊಡ್ಡ ಕೆಲಸ ಇದು. ಕೊಟ್ಟವನು ಹಳೇ ಕಟ್ಟಡ ಕೆಡವುವ ಗುತ್ತಿಗೆದಾರ. ಅವನ ಆಳುಗಳು ಅವನಿಗೆ ಧೂಳಣ್ಣ ಅಂತ ಹೆಸರಿಟ್ಟಿದ್ದರು, ಅವನು ಅದನ್ನು ಬಿರುದಿನ ಹಾಗೆ ತೊಟ್ಟುಕೊಂಡು ಓಡಾಡುತ್ತಿದ್ದ. ಒಂದೇ ಹೆದ್ದಾರಿಯುದ್ದಕ್ಕೂ ಮುಚ್ಚಿಹೋದ ಕಾರ್ಖಾನೆಗಳ ಚಿಮಣಿಗಳನ್ನು ಒಂದಾದ ಮೇಲೊಂದು ಉರುಳಿಸುತ್ತ ಹೋಗುತ್ತಿದ್ದ. ಅದಕ್ಕೊಂದು ಆಲ್ಬಮ್ ಬೇಕಿತ್ತು.

"ನಿಂತಿದ್ದು, ವಾಲಿದ್ದು, ಮಲಗಿದ್ದು, ಮೂರೂ ಬೇಕಮ್ಮ," ಅಂದಿದ್ದ. "ಚೆನ್ನಾಗಿ ಬಂದ್ರೆ ಇನ್ಮುಂದೆ ನಾನು ಕೆಡವೋದೆಲ್ಲ ನಿಂದೇ."

ಮೊದಲ ಜಾಗದಲ್ಲೇ ಧೂಳಣ್ಣ ವ್ಯಾನಿನ ಕಡೆ ಗದ್ದದಲ್ಲೇ ತೋರಿಸಿ "ಇವನ್ಯಾರು?" ಅಂತ ಕೇಳಿದ. ಅಕ್ಕ ರೆಪ್ಪೆ ಬಡಿಯದೆ "ನಮ್ಮ ಡ್ರೈವರ್" ಅಂದಳು.

ಸಂಜೆ ಅವನು ಉರಿದುಬಿದ್ದ. "ಒಡಹುಟ್ಟಿದವನನ್ನ ಡ್ರೈವರ್ ಅಂತೀಯಲ್ಲ, ನಾಲಿಗೆ ಹೇಗೆ ಹೊರಳ್ತು ನಿಂಗೆ?"

"ತಮ್ಮ ಅಂದ್ರೆ ಒಬ್ಬಳೇ ಬರೋಕೆ ಹೆದರಿ ಮನೆಯವರನ್ನ ಕಟ್ಕೊಂಡು ಬಂದಿದ್ದಾಳೆ ಅಂತಾರೆ. ಡ್ರೈವರ್ ಅಂದ್ರೆ ಒಂದು ತೂಕ ಇರತ್ತೆ ಕಣೋ."

"ತೂಕ ನಿಂಗೆ. ಹೊರೋನು ನಾನು."

"ಬಾಯಿ ಮುಚ್ಕೊಂಡು ಮಲ್ಕೋ."

ಅಲ್ಲಿಂದ ಮುಂದೆ ಪ್ರತಿ ಜಾಗದಲ್ಲೂ ಅಕ್ಕನಿಗೆ ಕುರ್ಚಿ ಬಂತು, ಸಾಸರ್ ಸಮೇತ ಟೀ ಬಂತು. ಅವನ ಟೀ ವ್ಯಾನಿನ ಕಿಟಕಿಗೆ ಪೇಪರ್ ಲೋಟದಲ್ಲಿ ಬಂತು. ಊಟಕ್ಕೆ ಕರೆಯುವಾಗ ಮೇಡಂ ಬನ್ನಿ, ಡ್ರೈವರ್‌ಗೆ ಆಮೇಲೆ ಅಂದರು. ಚಿಮಣಿಗಳು ಉರುಳಿದವು, ಧೂಳು ಎದ್ದು ಕೂತಿತು, ಅವನು ಗಾಜು ಒರೆಸಿದ. ಒಂದು ಸಲ, ಒಂದೇ ಒಂದು ಸಲ, ಇವನು ನನ್ನ ತಮ್ಮ ಅಂತ ಅವಳ ಬಾಯಲ್ಲಿ ಬಂದಿದ್ದರೆ ಈ ಪೇಪರ್ ಲೋಟಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ. ಬರಲಿಲ್ಲ.

ಫೋಟೋಗಳದ್ದು ಇನ್ನೊಂದು ತಲೆನೋವು. ಕ್ಯಾಮೆರಾ ಹಳೆಯದು, ಗಟ್ಟಿಯದು, ಅದರ ಕಾರ್ಡ್ ಬಿಸ್ಕತ್ತಿನಷ್ಟು ಅಗಲದ ಹಳೇ ಜಾತಿಯದು. ಮಾಮೂಲಾಗಿ ದಿನದ ಕೆಲಸ ಮುಗಿದ ಮೇಲೆ ಫೋಟೋಗಳನ್ನು ಕಾರ್ಡಿನಿಂದ ಟ್ಯಾಬಿಗೆ ದಾಟಿಸಿ, ಎರಡು ಕಡೆ ಇವೆ ಅಂತ ಗೊತ್ತಾದ ಮೇಲೇ ಅಕ್ಕನಿಗೆ ನಿದ್ದೆ. ಈ ಸಲ ದಾಟಿಸುವ ರೀಡರ್, ವೈರು, ಇನ್ನೊಂದು ಕಾರ್ಡು ಎಲ್ಲ ಇದ್ದ ಚೀಲವನ್ನು ಮನೆಯ ಮೇಜಿನ ಮೇಲೆ ಬಿಟ್ಟು ಬಂದಿದ್ದಳು. ಬಿಟ್ಟವಳು ಅವಳು, ಬೈಸಿಕೊಂಡವನು ಅವನು. ಎಲ್ಲ ಫೋಟೋ ಆ ಒಂದೇ ಕಾರ್ಡಿನಲ್ಲಿ ಕೂತಿದ್ದವು. ಅವಳು ಕ್ಯಾಮೆರಾವನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ತಿರುಗುತ್ತಿದ್ದಳು.

ಕೊನೆಯ ಚಿಮಣಿಯ ಹಿಂದಿನ ದಿನ, ಪೇಟೆಯ ಒಂದು ಅಂಗಡಿಯಲ್ಲಿ ರೀಡರ್ ಸಿಕ್ಕಿತು. ಅಂಗಡಿಯವನು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ, "ಇದು ಇನ್ನೂ ಬದುಕಿದೆಯಾ?" ಅಂದ. ಡಬ್ಬದ ತಳದಿಂದ ರೀಡರ್ ಹುಡುಕಿ ಉಫ್ ಅಂತ ಊದಿ ಕೊಟ್ಟ. ಈ ಜಾತಿಯ ಕಾರ್ಡ್ ಈಗ ಯಾರೂ ಮಾರುವುದಿಲ್ಲ, ಬೇಕಾದರೆ ತರಿಸಬೇಕು, ವಾರ ಹಿಡಿಯುತ್ತದೆ ಅಂದ.

ಲಾಡ್ಜಿನ ಕೋಣೆಯಲ್ಲಿ ಎರಡು ಮಂಚ, ಕುಂಟುವ ಒಂದು ಫ್ಯಾನು. ಅಕ್ಕನ ತಲೆಗೂದಲೆಲ್ಲ ಇಟ್ಟಿಗೆ ಪುಡಿ. ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೊರಟವಳು ನಿಂತಳು.

"ಯಾವಾಗ ನೋಡಿದ್ರೂ ಗಾಡಿ ಬಿಟ್ಟು ಬೇರೆ ಕೆಲಸ ಕೊಡಲ್ಲ ಅಂತೀಯಲ್ಲ. ತಗೋ, ಕೊಟ್ಟೆ. ಇದನ್ನ ಟ್ಯಾಬಿಗೆ ಚುಚ್ಚು. ಫೋಟೋ ಎಲ್ಲಾ ಕಾಣತ್ತೆ. ಒಂದೂ ಬಿಡದೆ ತೆಗಿ. ನಾಳೆ ಚಿಮಣಿಗೆ ಜಾಗ ಬೇಕು."

"ಅಷ್ಟೇನಾ?"

"ಅಷ್ಟೇ. ಅದರಲ್ಲೂ ಏನಾದ್ರೂ ಮಾಡಿಟ್ಟೀಯ."

ಬಚ್ಚಲಲ್ಲಿ ನೀರು ಬೀಳುವ ಸದ್ದು ಶುರುವಾಯಿತು. ಅವನು ರೀಡರ್ ಚುಚ್ಚಿದ. ಟ್ಯಾಬಿನ ತುಂಬ ಫೋಟೋಗಳು ಸಾಲುಸಾಲಾಗಿ ಮೂಡಿದವು. ನಿಂತ ಚಿಮಣಿ, ವಾಲಿದ ಚಿಮಣಿ, ಮಲಗಿದ ಚಿಮಣಿ, ಹಗ್ಗದಲ್ಲಿ ನೇತಾಡುತ್ತ ಹಲ್ಲು ಕಿರಿದ ಆಳುಗಳು. ಎಲ್ಲ ಟ್ಯಾಬಿನಲ್ಲೇ ಕಾಣುತ್ತಿವೆ. ಕಂಡ ಮೇಲೆ ಬಂದ ಹಾಗೆ ತಾನೆ? ಇನ್ನು ಉಳಿದದ್ದು ತೆಗೆಯುವುದು. ಎಲ್ಲವನ್ನೂ ಆರಿಸಿದ. ಕೆಳಗೆ ಎರಡು ಗುರುತು ಬಂದವು. ಒಂದು, ಡಬ್ಬಿಯೊಳಕ್ಕೆ ಇಳಿಯುವ ಬಾಣ. ಅದೇನೋ ಅವನಿಗೆ ಅರ್ಥವಾಗಲಿಲ್ಲ. ಇನ್ನೊಂದು ಕಸದ ಬುಟ್ಟಿ. ಅದು ಯಾರಿಗೆ ಗೊತ್ತಿಲ್ಲ? ಬುಟ್ಟಿ ಒತ್ತಿದ. ಟ್ಯಾಬು ನಿಜವಾಗಲೂ ತೆಗೆಯಲೇ ಅಂತ ಕೇಳಿತು. ಈ ಪ್ರಯಾಣದಲ್ಲಿ ಅವನ ಅಭಿಪ್ರಾಯ ಕೇಳಿದ್ದು ಅದೊಂದೇ. ಹೌದು ಅಂತ ಒತ್ತಿದ.

ಅಕ್ಕ ತಲೆ ಒರೆಸಿಕೊಳ್ಳುತ್ತ ಬಂದಳು. "ತೆಗೆದ್ಯಾ?"

"ತೆಗೆದೆ."

"ಎಲ್ಲಾ?"

"ಒಂದೂ ಬಿಡದೆ."

ಅವಳು ಟ್ಯಾಬ್ ಎತ್ತಿಕೊಂಡು ಬೆರಳಾಡಿಸಿದಳು. ಇನ್ನೊಂದು ಸಲ ಆಡಿಸಿದಳು. "ಎಲ್ಲೋ?"

"ಎಲ್ಲಿ ಅಂದ್ರೆ? ತೆಗೆದೆ ಅಂದ್ನಲ್ಲ."

"ತೆಗೆದು ಎಲ್ಲಿಟ್ಟೆ?"

"ತೆಗೆದದ್ದನ್ನ ಯಾರಾದ್ರೂ ಇಡ್ತಾರಾ? ತೆಗಿ ಅಂದೆ, ತೆಗೆದೆ!"

ಅವಳ ಕೈಯಲ್ಲಿದ್ದ ಟವೆಲ್ ನೆಲಕ್ಕೆ ಬಿತ್ತು. ಬೈಯಲಿಲ್ಲ. ಅವನಿಗೆ ಭಯವಾದದ್ದು ಅದಕ್ಕೇ. ಮಂಚದ ತುದಿಯಲ್ಲಿ ಕೂತು ಗೋಡೆ ನೋಡುತ್ತ, "ಬಿದ್ದ ಚಿಮಣೀನ ಎಬ್ಬಿಸಿ ನಿಲ್ಲಿಸೋಕಾಗತ್ತೇನೋ," ಅಂದಳು. ಅವನ ಕಡೆ ತಿರುಗಿ ಕೇಳಿದ ಹಾಗಿರಲಿಲ್ಲ.

"ತಗೋ ಅನ್ನಬಾರದಾಗಿತ್ತಾ? ಇಳಿಸು ಅನ್ನಬಾರದಾಗಿತ್ತಾ?" ಅವನ ದನಿ ಕೋಣೆ ಮೀರಿ ಹೋಯಿತು. "ಬಾಗಿಲಿಗೂ ತೆಗಿ, ಗಾಡಿಗೂ ತೆಗಿ, ಕಸಕ್ಕೂ ತೆಗಿ. ನಾನೇನು ನಿನ್ನ ಹೊಟ್ಟೆಯೊಳಗೆ ಹೊಕ್ಕು ನೋಡ್ಲಾ?"

ಪಕ್ಕದ ಕೋಣೆಯವರು ಗೋಡೆ ಗುದ್ದಿದರು.

ಅಕ್ಕ ತಮ್ಮೂರಿನ ಕ್ಯಾಮೆರಾ ರಿಪೇರಿಯವನಿಗೆ ಫೋನ್ ಹಚ್ಚಿದಳು. ಇಬ್ಬರೂ ಚಿಕ್ಕಂದಿನಿಂದ ಅವನನ್ನು ಲೆನ್ಸ್ ಮಾಮ ಅಂತಲೇ ಕರೆಯುವುದು. ಅವನು ಎಲ್ಲ ಕೇಳಿ ಕೆಮ್ಮಿದ.

"ಫೋಟೋ ಎಲ್ಲೂ ಹೋಗಿಲ್ಲ ಕಣಮ್ಮ. ಮನೆಯೊಳಗೆ ಜನ ಇದ್ದಾರೆ, ಬಾಗಿಲ ಮೇಲಿನ ಬೋರ್ಡ್ ಕಿತ್ತಿದ್ದಾನೆ ಅಷ್ಟೆ. ಖಾಲಿ ಅಂದ್ಕೊಂಡು ಬೇರೆಯವರು ಬಂದು ಸೇರ್ಕೊಂಡ್ರೆ ಮಾತ್ರ ಹಳಬರು ಬೀದಿಪಾಲು. ಆ ಕಾರ್ಡಲ್ಲಿ ಇನ್ನೊಂದು ಫೋಟೋ ಹೊಡೀಬೇಡ. ಹಾಗೇ ತಂದುಕೊಡು."

"ನಾಳೆ ಬೆಳಗ್ಗೆ ಕೊನೇದು ಬೀಳತ್ತೆ ಮಾಮ. ನನ್ನ ಹತ್ರ ಇರೋದು ಇದೊಂದೇ ಕಾರ್ಡು."

"ಹಾಗಾದ್ರೆ ಅದು ಬೇಕೋ ಇವು ಬೇಕೋ, ನೀನೇ ನೋಡ್ಕೋ."

ಬೆಳಗ್ಗೆ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಎಲ್ಲರ ಮೊಬೈಲ್ ಇಸಿದುಕೊಂಡು ಮರದ ಪೆಟ್ಟಿಗೆಗೆ ಹಾಕುತ್ತಿದ್ದ. ಸಿಡಿಮದ್ದಿನ ವೈರು ಎಳೆದಿದ್ದಾರೆ, ಒಳಗೆ ಒಂದು ಫೋನೂ ಬಡಿದುಕೊಳ್ಳಬಾರದು, ಧೂಳಣ್ಣನ ಕಟ್ಟಪ್ಪಣೆ. ಟ್ಯಾಬ್ ನೋಡಿ ತಿರುಗಿಸಿ ಮುರುಗಿಸಿ, "ಇದೇನು, ಟೀವಿನಾ?" ಅಂದ.

"ಟೀವಿನೇ. ಒಳಗೆ ಧಾರಾವಾಹಿ ನೋಡ್ತೀವಿ," ಅಂದ ತಮ್ಮ.

ಕಾವಲುಗಾರ ಅದಕ್ಕೆ ಸಿಮ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ವಾಪಸ್ ಕೊಟ್ಟ.

ಚಿಮಣಿ ಒಂಟಿಯಾಗಿ ನಿಂತಿತ್ತು. ಬುಡಕ್ಕೆ ಸುತ್ತಲೂ ತೂತು ಕೊರೆದು ಗೋಣಿಚೀಲ ತುರುಕಿದ್ದರು. ದೂರದಲ್ಲಿ ಕಟ್ಟಿದ ಹಗ್ಗದ ಈಚೆ ಅಕ್ಕ ಸ್ಟ್ಯಾಂಡ್ ಊರಿ ಕ್ಯಾಮೆರಾ ಕೂರಿಸಿದಳು. ಆಳುಗಳು ಅವಳನ್ನು ನೋಡುತ್ತಿದ್ದರು. ಮೇಸ್ತ್ರಿ ಬಂದು, "ಇದು ಎಲ್ಲದಕ್ಕಿಂತ ಉದ್ದದ್ದು ಮೇಡಂ, ಬಿಟ್ಟುಬಿಟ್ಟೀರ," ಅಂತ ಹೇಳಿ ಹೋದ.

"ಒಂದೇ ಒಂದು ಹೊಡಿ," ಅಂದ ತಮ್ಮ, ತುಟಿ ಅಲುಗಿಸದೆ. "ಒಂದಕ್ಕೆ ಎಷ್ಟು ಜಾಗ ಬೇಕು?"

"ಅದು ಯಾವುದರ ತಲೆ ಮೇಲೆ ಹೋಗಿ ಕೂರತ್ತೋ ನಿಂಗೊತ್ತಾ? ನಂಗೂ ಗೊತ್ತಿಲ್ಲ."

ಅಕ್ಕ ಕ್ಯಾಮೆರಾದ ಬದಿಯ ಮುಚ್ಚಳ ಬಿಚ್ಚಿದಳು. ಕಾರ್ಡನ್ನು ಈಚೆ ಎಳೆದು ಕರವಸ್ತ್ರದಲ್ಲಿ ಸುತ್ತಿದಳು. ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತಳು. ಆಮೇಲೆ ಅವನ ಅಂಗಿಯ ಜೇಬಿಗೆ ಹಾಕಿ, ಜೇಬಿನ ಗುಂಡಿಯನ್ನು ತಾನೇ ಹಾಕಿದಳು. ಆ ಹೊತ್ತಿನಲ್ಲಿ ಅವನಿಗೆ ಬಂದದ್ದೂ ಸಿಟ್ಟೇ, ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು.

ಸೈರನ್ ಕೂಗಿತು. ಧೂಳಣ್ಣ ದೂರದಿಂದ ಕೈ ಎತ್ತಿ ಅಕ್ಕನಿಗೆ ಸನ್ನೆ ಮಾಡಿದ. ಅವಳೂ ಕೈ ಎತ್ತಿ, ಖಾಲಿ ಕ್ಯಾಮೆರಾದ ಹಿಂದೆ ಬಗ್ಗಿ ನಿಂತಳು.

"ತೆಗಿ," ಅಂದಳು.

"ಯಾವ ತೆಗಿ?"

"ಟ್ಯಾಬಲ್ಲಿ ಒಂದು ಕ್ಯಾಮೆರಾ ಇದೆ ಕಣೋ ಕತ್ತೆ! ಹೊಡಿ!"

ಮೊದಲು ಸದ್ದೇ ಇರಲಿಲ್ಲ. ಬುಡದಲ್ಲಿ ಬೂದಿ ಬಣ್ಣದ ಒಂದು ಉಂಗುರ ಬಿಚ್ಚಿಕೊಂಡಿತು, ಆಮೇಲೆ ಧಡ್ ಅಂತ ಎದೆಗೆ ಬಡಿಯಿತು. ಚಿಮಣಿ ಏನೋ ಮರೆತವರ ಹಾಗೆ ಅರೆಗಳಿಗೆ ನಿಂತು, ಪಕ್ಕಕ್ಕೆ ವಾಲಿ, ನಡುವಿನಲ್ಲಿ ಸೀಮೆಸುಣ್ಣದ ಹಾಗೆ ಲಟಕ್ಕನೆ ಮುರಿಯಿತು. ಅವನು ಟ್ಯಾಬನ್ನು ಎರಡು ಕೈಯಲ್ಲಿ ತಟ್ಟೆಯಂತೆ ಎತ್ತಿ ಹಿಡಿದು ಒತ್ತಿದ, ಒತ್ತಿದ, ಧೂಳು ಬಂದು ಮುಖಕ್ಕೆ ರಾಚುವ ತನಕ ಒತ್ತುತ್ತಲೇ ಇದ್ದ.

ಧೂಳಣ್ಣ ಹುಬ್ಬಿನ ತುಂಬ ಸುಣ್ಣ ಮೆತ್ತಿಕೊಂಡು ನಗುತ್ತ ಬಂದ. "ಸಿಕ್ತಾಮ್ಮ? ತೋರಿಸು, ತೋರಿಸು." ಅವಳು ಕ್ಯಾಮೆರಾಕ್ಕೆ ಕೈ ಅಡ್ಡ ಇಡುವಷ್ಟರಲ್ಲಿ ಅವನು ತಮ್ಮನ ಕೈಯಿಂದ ಟ್ಯಾಬ್ ಕಿತ್ತುಕೊಂಡಿದ್ದ.

ಅರ್ಧಕ್ಕರ್ಧ ಫೋಟೋಗಳಲ್ಲಿ ಹೆಬ್ಬೆರಳು. ಒಂದರಲ್ಲಿ ಬರೀ ಆಕಾಶ. ಒಂದು ಮಾತ್ರ ಬಂದಿತ್ತು. ಸೊಟ್ಟಗಿತ್ತು, ಆದರೆ ಬಂದಿತ್ತು. ನಡು ಮುರಿದ ಚಿಮಣಿ ಗಾಳಿಯಲ್ಲಿದೆ, ಮೂಲೆಯಲ್ಲಿ ಅಕ್ಕ. ಅವಳ ಕಣ್ಣು ಕ್ಯಾಮೆರಾದಲ್ಲಿಲ್ಲ. ಬಾಯಿ ತೆರೆದು, ಕೈ ಕೆಳಗೆ ಬಿಟ್ಟು, ಬೀಳುವುದನ್ನು ನೋಡುತ್ತ ನಿಂತಿದ್ದಾಳೆ.

ಧೂಳಣ್ಣನ ನಗು ನಿಂತಿತು. ಟ್ಯಾಬನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡ. "ಇದು ಆಲ್ಬಮ್ಮಿನ ಮೊದಲ ಪುಟಕ್ಕೆ," ಅಂದ. ಆಮೇಲೆ ಹುಬ್ಬು ಗಂಟಿಕ್ಕಿದ. "ಇದರಲ್ಲಿ ನೀನೇ ಇದ್ದೀಯಲ್ಲಮ್ಮ. ಹಾಗಾದ್ರೆ ತೆಗೆದದ್ಯಾರು, ಡ್ರೈವರಾ?"

ಅಕ್ಕ ತಮ್ಮನ ಕಡೆ ನೋಡಿದಳು. ಅವನು ನೆಲ ನೋಡಿದ. ಅಂಗಿಯ ಜೇಬಿನೊಳಗೆ ಕಾರ್ಡ್ ಕಲ್ಲಿನಷ್ಟು ಭಾರವಾಗಿತ್ತು.

"ಡ್ರೈವರ್ ಅಲ್ಲ," ಅಂದಳು. "ನನ್ನ ತಮ್ಮ."

"ಓ, ತಮ್ಮನಾ? ಮೊದಲೇ ಹೇಳೋದಲ್ವಾ! ಮತ್ತೆ ಹಿಂದಿನ ಜಾಗಗಳದ್ದು?"

"ಅವನ್ನೂ ಇವನೇ ತೆಗೆದ."

"ಎಲ್ಲಾನೂ?"

"ಒಂದೂ ಬಿಡದೆ."

"ನೀನು ತೆಗೀತಿದ್ದೀಯ ಅಂದ್ಕೊಂಡಿದ್ದೆ ನಾನು."

"ನಾನೂ ಹಾಗೇ ಅಂದ್ಕೊಂಡಿದ್ದೆ," ಅಂದಳು ಅಕ್ಕ.

ಧೂಳಣ್ಣ ತಮ್ಮನ ಬೆನ್ನಿಗೆ ಭೇಷ್ ಅಂತ ಒಂದು ಗುದ್ದು ಹಾಕಿದ. ಅಂಗಿಯಿಂದ ಧೂಳು ಹಾರಿತು. ಇಷ್ಟು ದಿನ ಕಾದ ಮಾತು ಬಂದೇ ಬಿಟ್ಟಿತ್ತು, ಅದೂ ಎಲ್ಲರೆದುರು. ಹಿಗ್ಗಬೇಕೋ ಭೂಮಿಗಿಳಿಯಬೇಕೋ ಅವನಿಗೆ ತಿಳಿಯಲಿಲ್ಲ. ಟೀ ಬಂತು. ಸಾಸರ್ ಸಮೇತ ಬಂತು. ಅವನು ಅದನ್ನು ಆರಲೂ ಬಿಡದೆ ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡ.

ಮಧ್ಯಾಹ್ನದ ಹೊತ್ತಿಗೆ ಲೆನ್ಸ್ ಮಾಮನ ಅಂಗಡಿಯಲ್ಲಿದ್ದರು. ಮಾಮ ಕಾರ್ಡನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ, ಕನ್ನಡಕ ಹಣೆಗೇರಿಸಿ, ಬೀಡಾ ಜಗಿಯುತ್ತ ಕೂತ. ಫೋಟೋಗಳು ತಡವರಿಸುತ್ತ, ಒಂದೊಂದೇ ಮೇಲೆದ್ದು ಬಂದವು. ಹೆಚ್ಚುಕಡಿಮೆ ಎಲ್ಲ ಬಂದವು. ಕೆಲವು ಮಾತ್ರ ಅರ್ಧಕ್ಕೆ ನಿಂತವು. ಮೇಲಿನರ್ಧ ಚಿಮಣಿ, ಕೆಳಗೆ ಬರೀ ಬೂದಿ ಬಣ್ಣ. ಬುಡವೇ ಇಲ್ಲದ ಚಿಮಣಿಗಳು.

"ಇವನ್ನ ಏನಂತ ತೋರಿಸ್ತೀಯಮ್ಮ?" ಅಂದ ಮಾಮ.

"ಇದ್ದ ಹಾಗೇ ತೋರಿಸ್ತೀನಿ. ನಡೆದದ್ದೂ ಹೇಳ್ತೀನಿ. ಆಮೇಲೆ ಧೂಳಣ್ಣನಿಷ್ಟ." ಮಾಮ ಬಂದ ಫೋಟೋಗಳನ್ನು ಮತ್ತೆ ಕಾರ್ಡಿಗೆ ತುಂಬಿಕೊಟ್ಟ ಮೇಲೆ, ಅದನ್ನು ಚುಚ್ಚಿ ಟ್ಯಾಬನ್ನು ತಮ್ಮನ ಕಡೆ ತಳ್ಳಿದಳು. "ಬಾಣದ ಗುರುತು ಇದೆ ನೋಡು, ಅದನ್ನ ಒತ್ತು. ಬುಟ್ಟಿ ಕಡೆ ಬೆರಳು ಹೋದ್ರೆ ಮುರೀತೀನಿ."

ಅವನು ಬಾಣ ಒತ್ತಿದ. ಎಲ್ಲ ಇಳಿದು ಮುಗಿದ ಮೇಲೆ ಎರಡೆರಡು ಸಲ ತೆರೆದು ನೋಡಿದ. ಎರಡು ಕಡೆಯೂ ಇದ್ದವು.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ವ್ಯಾನಿನ ಮೈಮೇಲೆ ಇನ್ನೂ ಚಿಮಣಿಯ ಪುಡಿ. ಅವನು ಬಾಗಿಲಿಗೆ ಒರಗಿ ನಿಂತ. "ಅಕ್ಕಾ, ಈಗ ನಾನು ತಮ್ಮನಾ, ಡ್ರೈವರಾ? ಒಂದು ತೀರ್ಮಾನಕ್ಕೆ ಬಾ."

ಅಕ್ಕ ಆಚೆ ಬದಿಯಿಂದ ಹತ್ತಿ ಕೂತು ಕಣ್ಣು ಮುಚ್ಚಿಕೊಂಡಳು.

"ಗಾಡಿ ತೆಗಿ," ಅಂದಳು.